ಅಗಸಿ ದಾಟದ ಎಣ್ಣಿ

ಬೆಟಗೇರಿಯ ನಮ್ಮ ಗಾಣದ ಮುಂದ
ಮೂರು ವರ್ಷದಿಂದ ಮಲಗತೈತಿ ಹಿಂಡಿ.
ಶೇಂಗಾ ಹಿಂಡಿ ಬಣ್ಣ, ಅದಕ್ಕ ಆ ಹೆಸರು.
ಯಾರೂ ತಂದದ್ದಲ್ಲ.
ಒಂದಿನ ಬಂತು, ಖಾಲಿ ಚೀಲದ ಮ್ಯಾಲ ಮಲಗಿತು,
ಎಬ್ಬಿಸಾಕ ಯಾರಿಗೂ ಪುರಸೊತ್ತಿರಲಿಲ್ಲ.

ಈ ಯುಗಾದಿ ಹೊತ್ತಿಗೆ ಕೆರಕೊಳ್ಳಾಕ ಹತ್ತಿತು.
ಬಾಲದ ಬುಡದಾಗ ಕೂದಲ ಉದುರಿ
ಚರ್ಮ ಒಡೆದ ಹಪ್ಪಳದಂಗ.
ರಾತ್ರಿ ಮೋಟರ್ ನಿಂತ ಮ್ಯಾಲೂ
ಕರ್ ಕರ್ ಅಂತ ಇನ್ನೊಂದು ಗಾಣ
ಅಂಗಳದಾಗ ತಿರಗತಿತ್ತು.

ಎಣ್ಣಿ ಮಾರೋಳ ನಾಯಿನ ಒಣಗಿದ್ರ
ಗಿರಾಕಿ ಏನಂದಾರು?
ಅಗಸಿ ಎಣ್ಣಿ ಹಾಕಿದೆ.
ಮುಂಡರಗಿ ಕಡೆ ಎರಿ ಹೊಲದ ಅಗಸಿ,
ಕೈಯಾರ ಹಸನ ಮಾಡಿದ್ದು,
ಮುಂಜಾನಿ ಮೊದಲ ಧಾರಿ, ಜೇನಿನ ಬಣ್ಣ.
ರೊಟ್ಟಿ ತುಣುಕಿಗೆ ಹಚ್ಚಿದ್ರ ನೆಕ್ಕತಿತ್ತು,
ನೆಕ್ಕಿ, ಮತ್ತ ಕೆರಕೋತಿತ್ತು.
ಎರಡು ತಿಂಗಳು.

ಪಶು ಆಸ್ಪತ್ರಿ ಡಾಕ್ಟರ್ ಜೈತುನಬಿ
ಉಣ್ಣಿ ಹುಡುಕಿದಳು, ಚರ್ಮ ಕೆರೆದು ಕಾಜಿನ ಮ್ಯಾಲಿಟ್ಟು ನೋಡಿದಳು.
"ಹುಳ ಇಲ್ಲ. ಒಮೆಗಾ ಕೊಟ್ಟು ನೋಡೂಣು," ಅಂದ್ಲು.
ನಾ ನಕ್ಕೆ. "ಅಗಸ್ಯಾಗ ಅದ ಐತೆಲ್ರಿ,
ಡಬ್ಬಿ ಮ್ಯಾಲ ಅಚ್ಚ ಹಾಕಿಸೀನಿ, ದೊಡ್ಡ ಅಕ್ಷರದಾಗ."
ಆಕಿ ಗ್ಲೌಸ್ ಕಳಚಿ ನಿಧಾನ ಹೇಳಿದಳು:
"ಐತಿ. ಆದರ ಅದು ಕಾಳು, ಇನ್ನೂ ಹಿಟ್ಟಲ್ಲ.
ಮೈಯೊಳಗ ಬೀಸಿಕೊಬೇಕು.
ನಾಯಿ ಮೈಯಾಗ ಆ ಬೀಸುಕಲ್ಲು ಭಾಳ ಸಣ್ಣದು.
ಮೀನು ಮೊದಲ ಬೀಸಿಟ್ಟಿರತೈತಿ."

ದಾರಿಗುಂಟ ಅದೇ ವಿಚಾರ.
ಕಾಳಿಗೂ ಅಗಸಿ ಅಂತೀವಿ, ಊರ ಬಾಗಿಲಿಗೂ ಅಗಸಿ.
ನಾಕು ಪೀಳಿಗಿ ನಾವು ಹಿಂಡಿದ ಎಣ್ಣಿ
ಅಗಸಿ ತನಕ ಬಂದು,
ಒಳಗ ಕರಿಯವರಿಲ್ಲದ ಬೀಗರಂಗ
ನಿಂತಿತ್ತೇನು ಇಷ್ಟು ದಿನ?

ಅತ್ತಿಗೆ ಹೇಳಿದೆ. ಮೀನಿನ ಎಣ್ಣಿ, ಅತ್ತಿ. ನಾಯಿಗೆ.
ಅಂಗೈಯಾಗ ಲಿಂಗ ಹಿಡಕೊಂಡ ಕಣ್ಣು ತೆರೆದಳು,
ಮುಚ್ಚಿದಳು, ಮತ್ತ ತೆರೆದಳು.
"ಅಡಗಿಮನ್ಯಾಗ ಬ್ಯಾಡ. ಗಾಣದ ಕೋಲ್ಯಾಗೂ ಬ್ಯಾಡ.
ತೂಕದ ಕಲ್ಲಿನ ಪೆಟಗ್ಯಾಗ ಇಡು,
ಅದಕ್ಕ ಮಡಿ ಮೈಲಿಗಿ ಇಲ್ಲ."

ಸ್ಟೇಷನ್ ರೋಡ್ ಅಂಗಡ್ಯಾಗ ಮೂರು ಬಾಟ್ಲಿ.
ಒಂದು ಮೀನಿನ ಲಿವರ್‌ದು. ಅದು ಬ್ಯಾಡ,
ದಿನಾ ಕೊಟ್ರ ಮೈಯಾಗ ಕೂಡತೈತಿ ಅಂದಿದ್ದಳು ಜೈತುನಬಿ.
ಉಳಿದ ಎರಡರ ಗುಳಿಗಿ ಒಡೆದು ತೋರಸ್ರಿ ಅಂದೆ.
"ಒಡೆದ್ರ ರೊಕ್ಕ ಕೊಡಬೇಕಾಗತೈತವ್ವ."
ಕೊಡೂಣು, ತಗೀರಿ.

ಸಮುದ್ರ ನಾ ನೋಡಿಲ್ಲ.
ಮೀನಿನ ನಾತದಾಗ ಒಳ್ಳೇದ್ಯಾವುದು ಕೆಟ್ಟದ್ಯಾವುದು
ನನಗ ತಿಳಿಯೂದಿಲ್ಲ.
ಕಮಟು ತಿಳೀತೈತಿ.
ಯಾವ ಎಣ್ಣಿ ಆಗಲಿ, ಹಳೇದಾದ್ರ
ಗಂಟಲ ಹಿಂದ ಉಗುರು ಹಚ್ಚಿದಂಗ ಆಗತೈತಿ.
ಹೊಳೆಯೋ ನಾಯಿ ಚಿತ್ರದ ದೊಡ್ಡ ಬಾಟ್ಲಿ: ಕಮಟು.
"ಬಿಸಲಿಗೆ ಇಟ್ಟಿದ್ರೆಲ್ರಿ?"
ಅಂವ ಚೌಕಾಶಿ ಅನ್ಕೊಂಡ.
ಕಂದು ಬಣ್ಣದ ಸಣ್ಣ ಬಾಟ್ಲಿ,
ಅರ್ಧ ಅಳತಿ, ಅಷ್ಟ ರೊಕ್ಕ.
ಮೂಸಿದೆ. ನಾತ ಇತ್ತು, ಕಮಟು ಇರಲಿಲ್ಲ.
ಇಷ್ಟು ವರ್ಷದ ಮೂಗು
ನನ್ನ ಎಣ್ಣಿಗಲ್ಲದ ಎಣ್ಣಿಗೆ ಸಾಕ್ಷಿ ಹೇಳಿತು.

ಚೀಲ ಹೊಲಿಯೋ ದಬ್ಬಣದಿಂದ
ದಿನಕ್ಕೊಂದು ಗುಳಿಗಿ ಚುಚ್ಚತೀನಿ ಈಗ.
ರೊಟ್ಟಿಯ ಒಂದು ತುಣುಕು ಅದಕ್ಕ,
ಉಳಿದ ರೊಟ್ಟಿ, ಅಗಸಿ ಚಟ್ನಿ ನನಗ.
ಎರಡು ತಿಂಗಳಾತು.
ಬಾಲದ ಬುಡದಾಗ ಹೆಸರಿನ ಮೊಳಕಿಯಷ್ಟು
ಕೂದಲ ಎದ್ದಾವ.
ಕೆರಕೊಳ್ಳೂದು ಪೂರಾ ಬಿಟ್ಟಿಲ್ಲ,
ಮಾತಿನ ನಡುವ ಕೆಮ್ಮಿದಂಗ, ಆಗೊಮ್ಮೆ ಈಗೊಮ್ಮೆ.

ನಿನ್ನೆ ನೇಕಾರ ಓಣಿ ಅಂಬಕ್ಕ
ಕುಸುಬಿ ಎಣ್ಣಿಗೆ ಬಂದಾಕಿ ನಿಂತು ನೋಡಿದಳು.
"ಹೆಂಗ ಮಿಂಚಾಕ ಹತ್ತೈತೆ ನಿನ್ನ ನಾಯಿ!
ನಿನ್ನ ಅಗಸಿ ಎಣ್ಣಿ ಪ್ರಭಾವ ಅಲ್ಲೇನು?
ನನಗೂ ಅರ್ಧ ಲೀಟರ್ ಹಾಕು."
ಕೈಯಾಗ ಅಳತಿ ಡಬ್ಬಿ.
"ಅದು..." ಅಂದೆ.
ಮುಂದಿನ ಮಾತು ಅಗಸ್ಯಾಗ ನಿಂತು ಬಿಡ್ತು.

ಹಿಂಡಿ ಎದ್ದು ಮೈ ಮುರಿದು
ಆಕಿ ಮುಖದ ಮುಂದ ಬಾಯಿ ತೆರೆದು ಆಕಳಿಸಿತು.
ಗಾಣದ ತುಂಬ ಸಮುದ್ರ ನಾರಿತು.