ಬೀರುವಿನೊಳಗೆ

ಡಂಡೀ ಊರಿನ ಮೂರನೆಯ ಮಹಡಿಯಲ್ಲಿ
ಬಟ್ಟೆಯ ಬೀರುವೇ ನಮ್ಮ ಸ್ಟುಡಿಯೋ.
ನಾಲ್ಕು ವರ್ಷ, ಉಣ್ಣೆಕೋಟುಗಳ ನಡುವೆ
ಮೊಣಕಾಲಿಗೆ ಮೊಣಕಾಲು ತಾಗಿಸಿ
ಕತ್ತಲಲ್ಲೇ ಮಾತಾಡಿದೆವು, ಮಾರ್ವೆನ್ ಮತ್ತು ನಾನು.
ಒಂದು ದಿನವೂ ತಲೆ ಬಾಚಿದ ನೆನಪಿಲ್ಲ.

"ಇನ್ನು ವಿಡಿಯೋ. ಅದೂ ಲೈವ್," ಅಂದಳು.
ನಾನಂದೆ: ಕಿವಿಯನ್ನಾದರೆ ಜನ ಕೊಡುತ್ತಾರೆ,
ಕಣ್ಣನ್ನು ಹಾಕುತ್ತಾರೆ.
ಅವಳಾಗಲೇ ದೀಪ ಕೊಂಡು ತಂದಿದ್ದಳು.

ಮೊದಲ ಅತಿಥಿ ರೆಂಡಲ್,
ಮೂವತ್ತು ವರ್ಷ ಫೆರ್ರಿಯ ಎಂಜಿನ್ ಕೋಣೆಯಲ್ಲಿದ್ದವನು.
ಹೊಸ ಟೈ ಕಟ್ಟಿಕೊಂಡು ಬಂದಿದ್ದ,
ಬೆಲೆಚೀಟಿ ಹಿಂದಿನಿಂದ ಇಣುಕುತ್ತಿತ್ತು.
ಮುಳುಗಿಹೋದ ತಮ್ಮನ ಹೆಸರು ಬಂದಾಗ
ನಿಂತುಬಿಟ್ಟ.
ಬೀರುವಿನಲ್ಲಾಗಿದ್ದರೆ ಆ ಮೌನದೊಳಗೆ
ಉಸಿರು ಕೇಳುತ್ತಿತ್ತು, ಮೂಗೆಳೆದುಕೊಳ್ಳುವ ಸದ್ದು,
ಎಲ್ಲೋ ಕೋಟಿನ ಹ್ಯಾಂಗರು ಕಿರ್ ಅನ್ನುವುದು.
ಇಲ್ಲಿ ಪರದೆಯ ಪಕ್ಕ ಸಾಲುಗಳು ಓಡಿದವು:
ಸಿಕ್ಕಿಹಾಕಿಕೊಂಡಿದೆ.
ನನಗೂ.
ನೆಟ್ ಸರಿ ಇಲ್ಲ ಅನ್ನಿಸುತ್ತೆ.
ಯಾರೋ ಒಬ್ಬ ಟೈ ನೋಡಿ ನಕ್ಕ.

ಗೆದ್ದೆ ಅಂದುಕೊಂಡು ಮಲಗಿದೆ.

ಬೆಳಿಗ್ಗೆ ರೆಂಡಲ್ ಫೋನು ಮಾಡಿದ.
ಸ್ಟ್ರಾಮ್ನೆಸ್‌ನಲ್ಲಿ ಅವನಕ್ಕ ಇಂಗಾ,
ಹುಟ್ಟಿನಿಂದ ಕಿವಿ ಕೇಳದವಳು,
ಮೂಗು ಪರದೆಗೆ ತಾಗುವಷ್ಟು ಹತ್ತಿರ ಕೂತು
ತುಟಿ ಓದಿದಳಂತೆ.
ಟೈ ಅವಳೇ ಕಳಿಸಿದ್ದು.
"ನಾನು ನಿಂತಾಗ ಅವಳು ಚಹಾ ಕೆಳಗಿಟ್ಟಳಂತೆ,
ಕಾದಳಂತೆ."

ಮಾರ್ವೆನ್‌ಗೆ ಇದನ್ನಿನ್ನೂ ಹೇಳಿಲ್ಲ.
ಬೀರುವಿನಲ್ಲಿ ಒಬ್ಬಳೇ ಕೂತಿದ್ದೇನೆ,
ಬಾಗಿಲು ಒಂದಿಷ್ಟು ತೆರೆದು.
ಬಂದ ಬೆಳಕಿನಲ್ಲಿ
ತಲೆ ಬಾಚಿಕೊಳ್ಳುತ್ತಿದ್ದೇನೆ.