ಸದರಿ

ಸೊಹಾರಿನ ಸನದ್ ಕಚೇರಿಯಲ್ಲಿ ನನ್ನದು ಎರಡನೇ ಮೇಜು.
ವೀಸಾ, ಬಾಡಿಗೆ ಕರಾರು, ಕಳೆದುಹೋದ ಲೈಸೆನ್ಸು,
ಅರಬಿಗಾದರೂ ಇಂಗ್ಲಿಷಿಗಾದರೂ ಪುಟಕ್ಕೆ ಇನ್ನೂರು ಬೈಸಾ.
ಕನ್ನಡಕ್ಕೆ ದರಪಟ್ಟಿಯಲ್ಲಿ ಜಾಗವಿರಲಿಲ್ಲ,
ಈ ಚುನಾವಣೆ ಬಂದಮೇಲೆ ನಾನೇ ಕಟ್ಟಿದೆ:
ಹೊಗಳಿಕೆಗೆ ನೂರು, ತೆಗಳಿಕೆಗೆ ಮುನ್ನೂರು.
ಯಾರೂ ಚೌಕಾಸಿ ಮಾಡಲಿಲ್ಲ.

"ನಿಮ್ಮ ದೇಶಕ್ಕೆ ಹೊಸ ರಾಷ್ಟ್ರಪತಿಯೇ?" ಯಜಮಾನ ಹಿಲಾಲ್ ಕೇಳಿದ.
ಇಲ್ಲ, ಇನ್ನೂರು ಜನಕ್ಕೆ ಒಬ್ಬ ಅಧ್ಯಕ್ಷ, ಎಂದೆ.
ಖಾವಾದ ಪುಟ್ಟ ಬಟ್ಟಲು ಕೆಳಗಿಟ್ಟು
ಬಾಗಿಲ ಕಡೆ ನೋಡಿದ. ಅಷ್ಟು ಜನ ಸರತಿಯಲ್ಲಿದ್ದರು.

ಕೂಟದ ಅಧ್ಯಕ್ಷಗಿರಿ ಎಂದರೆ ಏನು ಮಹಾ?
ವರ್ಷಕ್ಕೆರಡು ಊಟ, ಒಂದು ಯಕ್ಷಗಾನ,
ರಾಯಭಾರ ಕಚೇರಿಯವರು ಬಂದರೆ ಮುಂದಿನ ಸಾಲಿನ ಸೋಫಾ.
ಅದಕ್ಕೆ ವಾಮನ ಸಪಳಿಗರು ಬೆಳಿಗ್ಗೆ ಬರುತ್ತಾರೆ,
ಫೆಲಿಕ್ಸ್ ಲೋಬೊ ಅಸರ್ ಬಾಂಗಿನ ನಂತರ.
ಕುರ್ಚಿ ಒಂದೇ, ಹಿಂದಿನವರ ಬೆನ್ನ ಬಿಸಿ ಆರಿರುವುದಿಲ್ಲ.
"ಸ್ವಲ್ಪ ಖಾರ ಜಾಸ್ತಿ ಇರಲಿ ಅಕ್ಕ."

ಬೆಳಿಗ್ಗೆ ಹೊಡೆದೆ:
ಲೋಬೊನ ಭಾಷಣ ನೋಡಿ, ರೋಮನ್ ಅಕ್ಷರದಲ್ಲಿ ಬರೆದ ಕನ್ನಡ!
ಸಂಜೆ ಹೊಡೆದೆ:
ಹೆಣದ ದುಡ್ಡು ತಿಂದವನಿಗೆ ನಿಮ್ಮ ಮತವೇ?
ಆಶ್ಚರ್ಯಸೂಚಕ ಮೂರು ಬೇಕೆಂದರು. ಹಾಕಿದೆ.

ಹೆಣ ಎಂದರೆ ಬಸಲಿಂಗ ತಳವಾರ,
ಸುರಪುರದ ಕಡೆಯವನು, ಬಂದರಿನಲ್ಲಿ ಸಾರುವೆ ಕಟ್ಟುತ್ತಿದ್ದ.
ಆಚೆ ವರ್ಷದ ಜೂನಿನಲ್ಲಿ ಬಿದ್ದ.
ಹತ್ತೊಂಬತ್ತು ದಿನ ಶವಾಗಾರದಲ್ಲಿ,
ಒಂದು ಸಹಿಗೆ ಇನ್ನೊಂದು ಸಹಿ ಕಾಯುತ್ತ.
ಅವನ ಕಾಗದಗಳನ್ನೂ ನಾನೇ ಹೊಡೆದದ್ದು,
ಅದಕ್ಕೆ ದುಡ್ಡು ತೆಗೆದುಕೊಂಡಿಲ್ಲ, ಅಷ್ಟು ಬರೆದುಕೊಳ್ಳಿ.

ಕೂಡಿದ್ದು ನಾನೂರ ಹನ್ನೆರಡು ರಿಯಾಲ್,
ಲೆಕ್ಕ ಸಿಕ್ಕಿದ್ದು ಮುನ್ನೂರ ಎಪ್ಪತ್ನಾಲ್ಕಕ್ಕೆ.
ಉಳಿದ ಮೂವತ್ತೆಂಟು ನನ್ನ ಡ್ರಾಯರಿನಲ್ಲಿದೆ,
ದುಡ್ಡಲ್ಲ, ಚೀಟಿ. ಕ್ಯಾಂಪಿನ ಬಲೂಚಿ ಅಂಗಡಿಯವನದು:
ಬೇಳೆ, ಈರುಳ್ಳಿ, ಫೋನ್ ಕಾರ್ಡು, ಬೇಳೆ.
ಸಪಳಿಗರೇ ಹೋಗಿ ತೀರಿಸಿ ಬಂದು ಹೇಳಿದ್ದರು:
"ಬರೆಯುವುದು ಬೇಡ ಮಾರಾಯ್ತಿ,
ಸತ್ತವನನ್ನು ಸಾಲಗಾರ ಮಾಡಿ ಕಳಿಸುವುದೇ?"

ಈಗ ಆ ಚೀಟಿ ಚಾಚಿದರೆ ಕೈ ಅಡ್ಡ ಮಾಡಿದರು.
ಉಡುಪಿಯಲ್ಲಿ ಮಾನನಷ್ಟದ ದಾವೆ ಹೂಡಿಯಾಗಿದೆ,
ಐದು ಲಕ್ಷ, ಮೇಲೆ ಖರ್ಚು.
ಕೇಸು ಗಟ್ಟಿಯಾಗಿದೆಯಂತೆ,
ಈಗ ನಿಜ ಹೊರಬಂದರೆ ಸಡಿಲವಾಗುತ್ತದಂತೆ.
ಲಾಯರು ಹೇಳಿದ್ದಾರೆ.
ಡ್ರಾಯರು ಮುಚ್ಚಿದೆ. ಅದರ ಕೀಲಿ ಸ್ವಲ್ಪ ಬಿಗಿ.

ಶುಕ್ರವಾರ ಹೋಟೆಲಿನ ಮಹಡಿಯಲ್ಲಿ ಮತದಾನ,
ಬೂಟಿನ ಡಬ್ಬಕ್ಕೆ ಬಣ್ಣದ ಕಾಗದ ಸುತ್ತಿದ ಪೆಟ್ಟಿಗೆ.
ಸಪಳಿಗ ತೊಂಬತ್ತೇಳು.
ಲೋಬೊ ತೊಂಬತ್ತೇಳು.
ಒಂದು ಚೀಟಿಯಲ್ಲಿ ಗುರುತಿಲ್ಲ,
ಎರಡೂ ಹೆಸರಿನ ಕೆಳಗೆ ಮೂರನೆಯದೊಂದು, ನೀಲಿ ಶಾಯಿಯಲ್ಲಿ:
ಬಸಲಿಂಗ ತಳವಾರ.
ಬಿರಿಯಾನಿಯ ಪಾತ್ರೆ ಹೊತ್ತು ಬಂದ ಹುಡುಗ
ಎಲ್ಲಿಡಲಿ ಎಂದು ಕೇಳಿದ, ಯಾರೂ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ತಕರಾರು ಅರ್ಜಿ:
ನಾನು ಮಾಡಿದ ಸೇವೆಯ ಸ್ಮರಣೆಯೇ ಸದರಿ ಮತ,
ಆದಕಾರಣ ನನಗೇ ಸಲ್ಲತಕ್ಕದ್ದು.
ಸಂಜೆ ಇನ್ನೊಂದು ಅರ್ಜಿ:
ಎದುರಾಳಿಯ ಪಾಪಕ್ಕೆ ಸಾಕ್ಷಿಯೇ ಸದರಿ ಮತ,
ಆದಕಾರಣ ನನಗೇ ಸಲ್ಲತಕ್ಕದ್ದು.
ಬದುಕಿದ್ದಾಗ ಅವನಿಗೆ ಕೂಟದ ಚಂದಾ ಕಟ್ಟಲಾಗಿರಲಿಲ್ಲ,
ಊಟದ ದಿನ ಹೊರಗೆ ಚಪ್ಪಲಿ ಕಾಯುತ್ತ ನಿಂತಿದ್ದ.

ಇಬ್ಬರೂ ಮತಚೀಟಿಯ ಫೋಟೊ ಲಗತ್ತಿಸಿದ್ದಾರೆ.
ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದೆ.
ತಳವಾರದ ಳ, ಬಾಲ ತುಸು ಉದ್ದ,
ಮುಂದಿನ ಅಕ್ಷರದ ಕಾಲಿಗೆ ತೊಡರುವಷ್ಟು.
ಮೂರನೇ ಕ್ಲಾಸಿನಲ್ಲಿ ಟೀಚರು ಅದಕ್ಕೇ ಗೆಣ್ಣಿಗೆ ಹೊಡೆಯುತ್ತಿದ್ದರು,
ಆದರೂ ತಿದ್ದಲಿಲ್ಲ ನನ್ನ ಕೈ.

ಸದರಿ ಬರಹವು ಯಾರದೆಂದು ತಿಳಿದುಬಂದಿರುವುದಿಲ್ಲ,
ಎಂದು ಹೊಡೆದು, ಪೂರ್ಣವಿರಾಮ ಹಾಕಿ,
ಪ್ರಿಂಟು ಕೊಟ್ಟೆ.
ಎರಡು ಪುಟ. ಆರುನೂರು ಬೈಸಾ.
ಚಿಲ್ಲರೆ ಇದೆಯೇ ಎಂದು ಕೇಳಿದೆ.