ಕಾಲರಿಗೆ ಎರಡೇ ಮಗ್ಗುಲು

ಒಂದು ಸವೆದದ್ದು ಹೋದ ದೀಪಾವಳಿಗೆ.
ಬಿಚ್ಚಿ, ಮಗುಚಿ ಹೊಲಿದ ನಾನಾ ಪೇಠೆಯ ಟೇಲರ್ ಕುದಳೆ
ಅಂದೇ ಹೇಳಿದ್ದ: ಮೂರನೇ ಮಗ್ಗುಲು ದೇವರೂ ಇಟ್ಟಿಲ್ಲ.

ಬನಿಯನ್ನಿನ ತೂತು ಯಾರಿಗೆ ಕಾಣುತ್ತೆ,
ಸೆಖೆಗೆ ಒಳ್ಳೇದೇ ಅಂತ ನಗಾಡುತ್ತಿದ್ದೆ.
ಡಾಕ್ಟರು ಅಂಗಿ ಎತ್ತಿ ಅಂದ ದಿನ
ತಣ್ಣನೆಯ ಸ್ಟೆತಸ್ಕೋಪು
ಸರಿಯಾಗಿ ತೂತಿನಲ್ಲೇ ಕೂತಿತು.

ಬುಧವಾರ. ಜೂನಾ ಬಜಾರು.
ಜೇಬಿನಲ್ಲಿ ನಾನೂರು; ನಲವತ್ತು ಬಸ್ಸಿನದು, ಮುಟ್ಟುವಂತಿಲ್ಲ.
ಲಾಡ್ಜಿನ ಕೌಂಟರಿಗೆ ಬಿಳಿ ಅಂಗಿಯೇ ಬೇಕು.
ರಾಶಿಯೊಳಗೆ ಮೊಣಕೈತನಕ ಕೈಯಿಟ್ಟು
ಕಂಕುಳು ನೋಡಿದೆ, ಬಿಸಿಲಿಗೆ ಹಿಡಿದು ಬೆನ್ನು ನೋಡಿದೆ,
ಕಾಲರು ಮಾತ್ರ ಕೊನೆಗೆ, ಹೆದರುತ್ತ.
ಒಂದೇ ಮಗ್ಗುಲು ಬಳಸಿದ್ದು!
ಇನ್ನೂರೈವತ್ತು ಅಂದ. ನೂರ ಎಂಬತ್ತಕ್ಕೆ ಇಳಿದ.
ಉಳಿದದ್ದರಲ್ಲಿ ಎರಡು ಬನಿಯನ್ನು, ಹೊಸವೇ.
ಬೂದಿಯಾದ ಕರಿ ಪ್ಯಾಂಟು? ಇನ್ನಾರು ತಿಂಗಳು
ಕೌಂಟರಿನ ಹಿಂದೆಯೇ ನಿಂತಿರಲಿ.

ಮನೆಗೆ ಬಂದು ನೋಡಿದರೆ ಕತ್ತುಪಟ್ಟಿಯೊಳಗೆ
ಮಸಿಯಲ್ಲಿ ಧೋಬಿಯ ಗುರುತು: ೨೧೪.
ನಮ್ಮ ಲಾಡ್ಜಿನಲ್ಲಿ ಅಷ್ಟು ಕೋಣೆಗಳೇ ಇಲ್ಲ.

ಹಳೇ ಅಂಗಿ ಒಲೆಕಟ್ಟೆ ಒರೆಸಲು ಹೋಗುವ ಮುಂಚೆ
ಇಂದುಮತಿ ಗುಂಡಿ ಕಿತ್ತು ಡಬ್ಬಿಗೆ ಹಾಕಿದಳು.
ಎಣಿಸಿದೆ: ಏಳಿರಬೇಕಿತ್ತು, ಆರು.
ಏಳನೆಯದು ಆಗಲೇ
ಹೊಸದರ ತೋಳಿನಲ್ಲಿತ್ತು.